ನಾರಿನ ಬಲವೂ ಹಗ್ಗದ ಆಯುಷ್ಯವೂ

ಒಕ್ಕಲುತನದ ಸಾಧನಗಳಲ್ಲಿ ನೇಗಿಲು, ಕುಂಟೆ, ಕೂರಿಗೆಗಳ ವಿಷಯವಾಗಿ ರೈತರು ಮಾಡುವಷ್ಟು ವಿಚಾರವನ್ನು ಹಗ್ಗದ ವಿಷಯವಾಗಿ ಮಾಡುವುದು ಕಡಿಮೆ. ಆದರೆ ವಿಜಯಪುರದ ನೆರೆಯ ಇಟ್ಟಂಗಿಹಾಳದಂಥ ಊರಿನಲ್ಲಿ ಎತ್ತಿನ ಕಮತವಿರುವ ಮನೆಯೊಂದನ್ನು ಹೊಕ್ಕು ನೋಡಿದರೆ ಹಗ್ಗವಿಲ್ಲದೆ ನಡೆಯುವ ಕೆಲಸವು ಯಾವುದೂ ಇಲ್ಲವೆಂಬುದು ತಿಳಿಯುತ್ತದೆ. ಮೂಗುದಾರ, ಕಣ್ಣಿ, ದಾವಣಿ, ನೊಗದ ಜತ್ತಿಗೆ, ಚಕ್ಕಡಿಯ ಹೊರೆ ಬಿಗಿಯುವ ಹಗ್ಗ, ಬಾವಿಯ ಹಗ್ಗ, ಹೊರಸಿನ ಹುರಿ, ಮೇವು ಹೊರುವ ಜಾಳಿಗೆ, ಅಡಿಗೆಮನೆಯ ನೆಲುವು, ತೆನೆಗೆ ಬಂದ ಜೋಳದ ಹೊಲದಲ್ಲಿ ಹಕ್ಕಿ ಕಾಯುವವನ ಕೈಯ ಕವಣೆ, ಇವೆಲ್ಲವೂ ನಾರಿನವೇ. ಇವುಗಳಲ್ಲಿ ಒಂದು ಹರಿದರೆ ಕೊಡ ಮಾತ್ರ ಬಾವಿಗೆ ಬೀಳುತ್ತದೆ; ಇನ್ನೊಂದು ಹರಿದರೆ ಇಳಿಜಾರಿನಲ್ಲಿ ಹೊರೆ ಜಾರಿ ಎತ್ತಿನ ಕಾಲು ಮುರಿಯುತ್ತದೆ. ಬಾವಿಯ ಹೂಳು ತೆಗೆಯಲು ಆಳು ಕೆಳಗಿಳಿದಿರುವಾಗ ಕಲ್ಲುಮಣ್ಣು ತುಂಬಿದ ಬುಟ್ಟಿಯ ಹಗ್ಗವು ಹರಿದರೆ ಆಗುವ ಹಾನಿಯನ್ನು ಹಣದಿಂದ ಅಳೆಯಲಾಗದು.

ಹಗ್ಗವು ಹರಿದಾಗ ಸಾಮಾನ್ಯವಾಗಿ ಹೊಸೆದವನನ್ನು ದೂರುವುದುಂಟು. ಹೊಸೆಯುವವನ ಕೈಗುಣವು ಮುಖ್ಯವೆಂಬುದು ನಿಜವೇ. ಆದರೆ ನಾರಿಗೆ ಇರಬೇಕಾದ ಬಲದ ಬಹುಪಾಲು ಅದು ಹೊಸೆಯುವವನ ಕೈಗೆ ಬರುವ ಮೊದಲೇ ತೀರ್ಮಾನವಾಗಿ ಹೋಗಿರುತ್ತದೆ. ಬೆಳೆಯನ್ನು ಎಷ್ಟು ಒತ್ತಾಗಿ ಬಿತ್ತಿದರು, ಯಾವ ಹದಕ್ಕೆ ಕೊಯ್ದರು, ಎಷ್ಟು ದಿವಸ ಯಾವ ನೀರಿನಲ್ಲಿ ಕೊಳೆಸಿದರು, ಹೇಗೆ ಒಣಗಿಸಿದರು ಎಂಬ ನಾಲ್ಕು ಸಂಗತಿಗಳೇ ಹಗ್ಗದ ಆಯುಷ್ಯವನ್ನು ನಿರ್ಣಯಿಸುವುವು. ಕೆಟ್ಟ ನಾರನ್ನು ಎಂಥ ಜಾಣನು ಹೊಸೆದರೂ ಅದು ಕೆಟ್ಟ ಹಗ್ಗವೇ.

ಮುಂದೆ ಹೋಗುವ ಮೊದಲು ಹೆಸರುಗಳ ಗೊಂದಲವನ್ನು ಪರಿಹರಿಸಿಕೊಳ್ಳುವುದು ಲೇಸು. ಕನ್ನಡದಲ್ಲಿ ಸಣಬು, ಸೆಣಬು ಎಂದು ಎರಡು ಬೇರೆ ಗಿಡಗಳಿಗೆ ಹೆಸರು ಸಲ್ಲುತ್ತಿದೆ. ಹಳದಿ ಹೂ ಬಿಟ್ಟು, ಒಣಗಿದ ಕಾಯಿ ಗಿಲಕಿಯಂತೆ ಸದ್ದು ಮಾಡುವ, ಹಸುರೆಲೆ ಗೊಬ್ಬರಕ್ಕೂ ಬಿತ್ತುವ ದ್ವಿದಳದ ಗಿಡವೇ ನಮ್ಮ ಸಣಬು. ಗೋಣಿಚೀಲವಾಗುವ ನಾರು ಬಂಗಾಲದ ಜೂಟು. ಅದು ಬೇರೆ ಜಾತಿ. ನಮ್ಮ ಪುಂಡಿಯು ಇವೆರಡೂ ಅಲ್ಲ. ಅದು ಬೆಂಡೆಯ ನೆಂಟ. ಮರಾಠಿಯಲ್ಲಿ ಅಂಬಾಡಿ, ತೆಲುಗಿನಲ್ಲಿ ಗೋಗು ಎನಿಸಿಕೊಂಡಿದೆ. ಆಂಧ್ರದ ಭೀಮುನಿಪಟ್ಟಣದ ಬಂದರಿನಿಂದ ಅದು ಪರದೇಶಕ್ಕೆ ಹೋಗುತ್ತಿದ್ದುದರಿಂದ ವರ್ತಕರು ಅದನ್ನು ಬಿಮ್ಲಿ ಜೂಟು ಎಂದು ಕರೆದರು. ಇಂದಿನ ಪೇಟೆಯಲ್ಲಿ ಮೆಸ್ತಾ ಎಂಬ ಹೆಸರಿದೆ. ೧೯೪೭ರಲ್ಲಿ ದೇಶವು ಇಬ್ಭಾಗವಾದಾಗ ಜೂಟಿನ ಹೊಲಗಳ ಬಹುಭಾಗವು ಪೂರ್ವ ಪಾಕಿಸ್ತಾನಕ್ಕೆ ಸೇರಿ, ಗಿರಣಿಗಳು ಮಾತ್ರ ಕಲಕತ್ತೆಯ ಸುತ್ತ ಉಳಿದವು. ಆ ಕೊರತೆಯನ್ನು ತುಂಬಲು ಸರಕಾರವು ಉತ್ತೇಜಿಸಿದ ಬೆಳೆಗಳಲ್ಲಿ ಇದೂ ಒಂದು. ರೊಟ್ಟಿಯ ಜೊತೆ ಪಲ್ಯವಾಗಿ ಮಾತ್ರ ಪುಂಡಿಯನ್ನು ಬಲ್ಲವರು ಈ ಸಂಗತಿಯನ್ನು ಗಮನಿಸತಕ್ಕದ್ದು.

ಇನ್ನು ನಾರೆಂದರೆ ಏನೆಂಬುದನ್ನು ನೋಡೋಣ. ಪುಂಡಿಯ ತೊಗಟೆಯಿಂದ ಸುಲಿದ ಎರಡು ಮೊಳದ ಎಳೆಯು ಕಣ್ಣಿಗೆ ಒಂದೇ ದಾರದಂತೆ ಕಾಣುತ್ತದೆ. ಆದರೆ ಅದು ಒಂದಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ಉದ್ದವಿಲ್ಲದ ಸಾವಿರಾರು ಸಣ್ಣ ಕೋಶಗಳು ಒಂದರ ತುದಿ ಇನ್ನೊಂದರ ಮಗ್ಗುಲಿಗೆ ಬರುವಂತೆ ಸೇರಿಕೊಂಡಿರುತ್ತವೆ. ಜೂಟಿನ ಕೋಶವೂ ಇಷ್ಟೇ ಗಿಡ್ಡ. ಸಣಬಿನದು ಏಳೆಂಟು ಮಿಲಿಮೀಟರು. ತೆಂಗಿನ ನಾರಿನದು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಹತ್ತಿ ಮಾತ್ರ ಇದಕ್ಕೆ ಹೊರತು, ಅದರ ಒಂದೊಂದು ಎಳೆಯೂ ಬೀಜದ ಮೇಲಿನಿಂದ ಬೆಳೆದ ಒಂದೇ ಕೋಶ. ಪ್ರತಿ ಕೋಶದ ಗೋಡೆಯು ಸೆಲ್ಯುಲೋಸ್ ಎಂಬ ದ್ರವ್ಯದಿಂದಾದದ್ದು. ಎಳೆತವನ್ನು ತಡೆಯುವುದು ಅದೇ. ಕೋಶಕ್ಕೂ ಕೋಶಕ್ಕೂ ನಡುವೆ ಪೆಕ್ಟಿನ್ ಎಂಬ ಅಂಟೂ, ಲಿಗ್ನಿನ್ ಎಂಬ ಗಟ್ಟಿ ದ್ರವ್ಯವೂ ಗಾರೆಯಂತೆ ನಿಂತಿರುತ್ತವೆ. ಈ ಗಾರೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕೊಳೆಸುವಿಕೆಯಲ್ಲಿ ಆಗುವ ಲಾಭನಷ್ಟಗಳೆಲ್ಲ ಅದನ್ನೇ ಅವಲಂಬಿಸಿವೆ.

ಕೋಶದ ಗೋಡೆಯಲ್ಲಿಯ ಸೆಲ್ಯುಲೋಸಿನ ಎಳೆಗಳು ನೇರವಾಗಿರದೆ, ಕೋಲಿಗೆ ದಾರ ಸುತ್ತಿದಂತೆ ಸುರುಳಿಯಾಗಿ ಹೋಗುತ್ತವೆ. ಸುರುಳಿಯು ಕೋಲಿನ ಉದ್ದಕ್ಕೆ ಹತ್ತಿರವಾಗಿ, ಕಡಿಮೆ ಓರೆಯಾಗಿದ್ದರೆ ನಾರು ಬಲವಾಗಿರುತ್ತದೆ, ಆದರೆ ಹಿಗ್ಗುವುದಿಲ್ಲ. ಹೆಚ್ಚು ಓರೆಯಾಗಿದ್ದರೆ ಬಲ ಕಡಿಮೆ, ಹಿಗ್ಗು ಹೆಚ್ಚು. ಜೂಟಿನಲ್ಲಿ ಈ ಓರೆಯು ಸುಮಾರು ೮ ಅಂಶ. ಕತ್ತಾಳೆಯಲ್ಲಿ ಸುಮಾರು ೨೦. ತೆಂಗಿನ ನಾರಿನಲ್ಲಿ ೪೦ಕ್ಕೂ ಮೀರಬಹುದು. ತೆಂಗಿನ ಹಗ್ಗವು ಎಳೆದಷ್ಟು ಬರುವುದಕ್ಕೂ, ಪುಂಡಿಯ ಹಗ್ಗವು ಬಿಗಿಯಾಗಿ ನಿಲ್ಲುವುದಕ್ಕೂ ಮೂಲಕಾರಣವು ಕಣ್ಣಿಗೆ ಕಾಣದ ಈ ಸುರುಳಿಯಲ್ಲಿದೆ.

ಪ್ರಯೋಗಶಾಲೆಗಳಲ್ಲಿ ಬಿಡಿ ನಾರನ್ನು ಎಳೆದು, ಒಂದು ಚದರ ಮಿಲಿಮೀಟರು ದಪ್ಪಕ್ಕೆ ಎಷ್ಟು ಕಿಲೊ ಭಾರ ಬಿದ್ದಾಗ ಅದು ಹರಿಯುತ್ತದೆಂದು ಲೆಕ್ಕ ಹಾಕುತ್ತಾರೆ. ಹಾಗೆ ನೋಡಿದಾಗ ಹತ್ತಿಯು ೨೯ರಿಂದ ೬೦ ಕಿಲೊ, ಜೂಟು ೪೦ರಿಂದ ೭೯, ಸೀಸಲ್ ಕತ್ತಾಳೆ ೫೨ರಿಂದ ೬೫, ಅಗಸೆಯ ನಾರು ೩೫ರಿಂದ ೧೦೫, ತೆಂಗಿನ ನಾರು ೧೮ರ ಸುಮಾರು ಭಾರವನ್ನು ತಡೆಯುತ್ತವೆ. ಪುಂಡಿಯು ಜೂಟಿಗೆ ಸಮೀಪದ್ದು, ಸ್ವಲ್ಪ ಒರಟು. ಕಟ್ಟಡಕ್ಕೆ ಬಳಸುವ ಸಾಧಾರಣ ಉಕ್ಕು ಇದೇ ಲೆಕ್ಕದಲ್ಲಿ ೪೦ ಕಿಲೊದ ಸುಮಾರಿಗೆ ಹರಿಯುತ್ತದೆಂದರೆ ಹಲವರು ನಂಬಲಿಕ್ಕಿಲ್ಲ. ಅಷ್ಟೇ ಅಲ್ಲ, ಉಕ್ಕು ನಾರಿಗಿಂತ ಐದು ಪಟ್ಟು ಹೆಚ್ಚು ಭಾರ. ಆದಕಾರಣ ತೂಕಕ್ಕೆ ತೂಕ ಹೋಲಿಸಿದರೆ ಹೊಲದ ಬದುವಿನ ಮೇಲಿನ ಪುಂಡಿಯು ಉಕ್ಕನ್ನು ಎಷ್ಟೋ ಹಿಂದಕ್ಕೆ ಹಾಕುವುದು.

ಈ ಅಂಕಿಗಳಲ್ಲಿ ಕೆಳಗಿನದಕ್ಕೂ ಮೇಲಿನದಕ್ಕೂ ಇರುವ ದೊಡ್ಡ ಅಂತರವನ್ನು ಗಮನಿಸಬೇಕು. ಒಂದೇ ಜೂಟು ೪೦ಕ್ಕೂ ಹರಿಯಬಹುದು, ೭೯ಕ್ಕೂ ಹರಿಯಬಹುದು. ಲೋಹದಲ್ಲಿ ಇಂಥ ಅಂತರವಿರದು. ಅದು ಕುಲುಮೆಯಲ್ಲಿ ಆದದ್ದು. ನಾರು ಮಳೆ, ಮಣ್ಣು, ಕೊಯ್ಲು, ನೀರುಗಳ ಕೂಸು. ಹೀಗಾಗಿ ಯಾವ ಗಿಡದ ನಾರು ಬಲವಾದದ್ದೆಂದು ಕೇಳುವುದಕ್ಕಿಂತ, ಒಂದೇ ಗಿಡದ ನಾರು ಈ ಕೈಯಲ್ಲಿ ಬಲವಾಗಿಯೂ ಆ ಕೈಯಲ್ಲಿ ದುರ್ಬಲವಾಗಿಯೂ ಏಕೆ ಆಯಿತೆಂದು ಕೇಳುವುದೇ ರೈತನಿಗೆ ಹೆಚ್ಚು ಪ್ರಯೋಜನಕರ.

ಭಾರ ತಡೆಯುವ ಬಲವೊಂದೇ ಗುಣವೆಂದು ತಿಳಿಯುವುದೂ ಸರಿಯಲ್ಲ. ಜೂಟು, ಪುಂಡಿಗಳು ನೂರಕ್ಕೆ ಎರಡು ಪಾಲು ಹಿಗ್ಗುವುದರೊಳಗೆ ಹರಿಯುತ್ತವೆ. ಹತ್ತಿಯು ಏಳೆಂಟು ಪಾಲು ಹಿಗ್ಗುತ್ತದೆ. ತೆಂಗಿನ ನಾರು ಮೂವತ್ತು ಪಾಲಿನವರೆಗೆ ಹಿಗ್ಗುತ್ತದೆ. ಬೆದರಿದ ಹೋರಿಯು ತಟ್ಟನೆ ಜಗ್ಗಿದಾಗ ಹಗ್ಗವು ಸ್ವಲ್ಪ ಹಿಗ್ಗಿದರೆ ಆ ಜಗ್ಗಿನ ರಭಸವು ಅದರಲ್ಲಿಯೇ ಅಡಗುತ್ತದೆ. ಹಿಗ್ಗದಿದ್ದರೆ ಹಗ್ಗವಾದರೂ ಹರಿಯಬೇಕು, ಗೂಟವಾದರೂ ಕೀಳಬೇಕು. ಬಲದಲ್ಲಿ ಎಲ್ಲಕ್ಕೂ ಹಿಂದಾದ ತೆಂಗಿನ ನಾರು ಜಗ್ಗು ತಡೆಯುವುದರಲ್ಲಿ ಜೂಟಿಗಿಂತ ಹಲವು ಪಟ್ಟು ಮುಂದು. ಇದಕ್ಕೆ ಪ್ರತಿಯಾಗಿ ಚಕ್ಕಡಿಯ ಹೊರೆ ಬಿಗಿಯುವಲ್ಲಿ ಹಿಗ್ಗುವ ಹಗ್ಗವು ದೋಷಕರ; ಎರಡು ಹರದಾರಿ ಹೋಗುವಷ್ಟರಲ್ಲಿ ಕಟ್ಟು ಸಡಿಲಾಗಿ ಕಣಿಕೆಯ ಹೊರೆ ಒಂದು ಮಗ್ಗುಲಿಗೆ ವಾಲುತ್ತದೆ. ಅಲ್ಲಿ ಪುಂಡಿ, ಸಣಬು, ಕತ್ತಾಳೆಗಳೇ ಯೋಗ್ಯ. ದನ ಕಟ್ಟುವುದಕ್ಕೂ ಹೊರೆ ಬಿಗಿಯುವುದಕ್ಕೂ ಒಂದೇ ಹಗ್ಗವನ್ನು ತಿರುಗಿಸುತ್ತಿರುವ ರೂಢಿಯು ಈ ದೃಷ್ಟಿಯಿಂದ ಒಳ್ಳೆಯದಲ್ಲ.

ನಮ್ಮ ದೇಶದ ನಾರುಗಳನ್ನು ತೂಕ ಕಟ್ಟಿ ಪರೀಕ್ಷಿಸುವ ಕೆಲಸವು ಹೊಸತೇನಲ್ಲ. ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ವಿಲಿಯಂ ರಾಕ್ಸ್‌ಬರೋ ಎಂಬವರು ೧೯ನೆಯ ಶತಮಾನದ ಆರಂಭದಲ್ಲಿಯೇ ಸಣಬು, ಪುಂಡಿ ಮೊದಲಾದವುಗಳ ಹುರಿಗಳನ್ನು ಒಣಗಿದಾಗಲೂ, ಒದ್ದೆಯಿದ್ದಾಗಲೂ, ಚೊಗರು ಹಾಗೂ ಡಾಂಬರು ಕೊಟ್ಟ ಮೇಲೂ ತೂಕ ಕಟ್ಟಿ ಹರಿಸಿ ನೋಡಿದರು. ೧೧೬ ದಿವಸ ನೀರಿನಲ್ಲಿ ನೆನೆಯಿಟ್ಟು ಏನುಳಿಯುತ್ತದೆಂಬುದನ್ನೂ ನೋಡಿದರು. ಆಗ ಇಂಗ್ಲೆಂಡಿನ ಹಡಗುಗಳಿಗೆ ರಶಿಯಾದ ನಾರೇ ಆಧಾರವಾಗಿತ್ತು. ೧೮೫೪ರಲ್ಲಿ ಕ್ರೈಮಿಯಾ ಯುದ್ಧದಿಂದ ಆ ಸರಬರಾಜಿಗೆ ತಡೆಯುಂಟಾದಾಗ ಹಿಂದುಸ್ಥಾನದ ನಾರುಗಳ ಕಡೆಗೆ ಎಲ್ಲರ ದೃಷ್ಟಿ ತಿರುಗಿತು. ಫೋರ್ಬ್ಸ್ ರಾಯ್ಲ್ ಅವರು ಇಲ್ಲಿಯ ನಾರಿನ ಗಿಡಗಳ ಮೇಲೆ ದೊಡ್ಡ ಗ್ರಂಥವನ್ನು ೧೮೫೫ರಲ್ಲಿ ಪ್ರಕಟಿಸಿದರು. ಬಿಹಾರದ ಪೂಸಾ ಸಂಸ್ಥೆಯಲ್ಲಿ ಆಲ್ಬರ್ಟ್ ಹೋವರ್ಡ್, ಗೇಬ್ರಿಯಲ್ ಹೋವರ್ಡ್ ದಂಪತಿಗಳು ಸಣಬಿನ ತಳಿಗಳನ್ನು ೧೯೧೦ರಲ್ಲಿಯೂ, ಪುಂಡಿಯ ತಳಿಗಳನ್ನು ೧೯೧೧ರಲ್ಲಿಯೂ ವಿಂಗಡಿಸಿ ವರ್ಣಿಸಿದರು. ಇಂದು ಪಶ್ಚಿಮ ಬಂಗಾಲದ ಬ್ಯಾರಕ್‌ಪುರದಲ್ಲಿ ಜೂಟು ಮತ್ತು ಅದರ ಬಳಗದ ನಾರುಗಳಿಗಾಗಿಯೇ ಕೇಂದ್ರ ಸಂಶೋಧನ ಸಂಸ್ಥೆಯಿದೆ. ಸಣಬಿಗಾಗಿ ಉತ್ತರ ಪ್ರದೇಶದ ಪ್ರತಾಪಗಡದಲ್ಲಿ, ಕತ್ತಾಳೆಗಾಗಿ ಒಡಿಶಾದ ಬಾಮ್ರಾದಲ್ಲಿ ಅದರ ಕ್ಷೇತ್ರಗಳಿವೆ.

ಈಗ ಹೊಲಕ್ಕೆ ಬರೋಣ. ವಿಜಯಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರು, ಅದೂ ನೆಚ್ಚಿಕೆಯದಲ್ಲ. ಇಲ್ಲಿ ಪುಂಡಿಯನ್ನು ಪೂರ್ಣ ಹೊಲಕ್ಕೆ ಬಿತ್ತುವ ರೂಢಿಯಿಲ್ಲ. ಮುಂಗಾರಿಯ ಸಜ್ಜೆ, ತೊಗರಿಗಳ ನಡುವೆ ಅಕ್ಕಡಿ ಸಾಲಾಗಿ, ಇಲ್ಲವೆ ಹೊಲದ ಅಂಚಿಗೆ ಬೇಲಿಯಂತೆ ಬಿತ್ತುವರು. ಅದರ ಕಾಂಡಕ್ಕೆ ಮುಳ್ಳಿರುವುದರಿಂದ ಅಂಚಿನಲ್ಲಿ ದನಗಳು ಸುಲಭವಾಗಿ ನುಗ್ಗುವುದಿಲ್ಲ. ಪಲ್ಯಕ್ಕೂ ಅದೇ, ನಾರಿಗೂ ಅದೇ. ಈ ಎರಡು ಉದ್ದೇಶಗಳು ಒಂದಕ್ಕೊಂದು ವಿರೋಧವಾಗಿವೆಯೆಂಬುದನ್ನು ಮಾತ್ರ ಯಾರೂ ಎಣಿಸಿದಂತಿಲ್ಲ. ಪಲ್ಯಕ್ಕೆಂದು ಕುಡಿ ಚಿವುಟಿದ ಗಿಡವು ಕವಲೊಡೆಯುತ್ತದೆ. ಕವಲು ಒಡೆದ ಗಂಟಿನಲ್ಲಿ ತೊಗಟೆಯ ನಾರು ತುಂಡಾಗಿ, ಸುತ್ತುಹಾಕಿ ಹೋಗುತ್ತದೆ. ಹಗ್ಗವು ಮುಂದೆ ಹರಿಯುವುದು ಅಂಥ ಜಾಗದಲ್ಲಿಯೇ. ಆದ್ದರಿಂದ ಮನೆಯ ಹೆಣ್ಣುಮಕ್ಕಳು ಪಲ್ಯ ಕೀಳಲು ಊರ ಹತ್ತಿರದ ಒಂದೆರಡು ಸಾಲುಗಳನ್ನು ಬಿಟ್ಟುಕೊಟ್ಟು, ನಾರಿನ ಸಾಲುಗಳನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳುವುದು ಮೇಲು.

ನಾರಿನ ಸಾಲನ್ನು ಒತ್ತಾಗಿಯೇ ಬಿತ್ತಬೇಕು. ಸಾಲಿನಿಂದ ಸಾಲಿಗೆ ಒಂದು ಅಡಿ, ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಅಂತರವಿದ್ದರೆ ಗಿಡಗಳು ಬೆಳಕಿಗಾಗಿ ಪೈಪೋಟಿ ನಡೆಸಿ, ಕವಲಿಲ್ಲದೆ ನೆಟ್ಟಗೆ ಏರುತ್ತವೆ. ಬಿತ್ತುವ ಕಾಲದ ಮಾತು ಇನ್ನೂ ಮಹತ್ವದ್ದು. ಪುಂಡಿಯು ಹಗಲು ಗಿಡ್ಡವಾಗುವುದನ್ನು ಗುರುತಿಸಿ ಹೂ ಬಿಡುವ ಗಿಡ. ಮಿರಗದ ಮಳೆಗೆ ಬಿತ್ತಿದ್ದಾಗಲಿ, ತಡಮಾಡಿ ಶ್ರಾವಣದಲ್ಲಿ ಬಿತ್ತಿದ್ದಾಗಲಿ, ಹೂವು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುತ್ತದೆ. ಹೂ ಬಂದ ಮೇಲೆ ಎತ್ತರ ಬೆಳೆಯುವುದಿಲ್ಲ. ತಡವಾಗಿ ಬಿತ್ತಿದ ಪುಂಡಿಯು ಗಿಡ್ಡವಾಗುವುದಕ್ಕೆ ಭೂಮಿಯ ಬಡತನವು ಕಾರಣವಲ್ಲ; ಬೆಳೆಯಲು ಅದಕ್ಕೆ ದಿವಸಗಳೇ ದೊರೆಯಲಿಲ್ಲ.

ಕೊಯ್ಲಿನ ಹದವೆಂದರೆ ಅರ್ಧದಷ್ಟು ಗಿಡಗಳು ಹೂ ಬಿಟ್ಟ ಕಾಲ. ಅದಕ್ಕೂ ಮೊದಲು ಕೊಯ್ದರೆ ನಾರು ನುಣುಪಾಗಿ ಕಂಡರೂ ಕೋಶದ ಗೋಡೆ ತೆಳುವಾಗಿದ್ದು ಬಲವಿರುವುದಿಲ್ಲ, ಇಳುವರಿಯೂ ಕಡಿಮೆ. ಬೀಜ ಬಲಿತು ಒಣಗುವವರೆಗೆ ಬಿಟ್ಟರೆ ಲಿಗ್ನಿನ್ ಹೆಚ್ಚಿ ನಾರು ಒರಟಾಗಿ, ಬಾಗಿಸಿದಲ್ಲಿ ಮುರಿಯುತ್ತದೆ. ತೊಗಟೆಯು ಕಟ್ಟಿಗೆಯನ್ನು ಬಿಡದೆ ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಬೀಜಕ್ಕೂ ನಾರಿಗೂ ಒಂದೇ ಗಿಡವನ್ನು ಕಾಯಿಸುವುದರಿಂದ ಈ ದೋಷವು ಸಾಮಾನ್ಯವಾಗಿದೆ. ಬೀಜಕ್ಕೆ ಬೇಕಾದಷ್ಟು ಗಿಡಗಳನ್ನು ಬೇರೆ ಗುರುತು ಮಾಡಿ ಬಿಟ್ಟು ಉಳಿದವನ್ನು ಹದಕ್ಕೆ ಕೊಯ್ಯಬಹುದು. ನೂರು ಕಿಲೊ ಹಸಿ ಕಟ್ಟಿಗೆಯಿಂದ ಐದಾರು ಕಿಲೊ ಒಣ ನಾರು ಬರುವುದೆಂದು ಲೆಕ್ಕವಿಡಬಹುದು.

ಕೊಳೆಸುವ ಕೆಲಸವೇ ಇಡೀ ವಿಷಯದ ಜೀವಾಳ. ನೀರಿನಲ್ಲಿ ಮುಳುಗಿಸಿದ ಕಟ್ಟಿಗೆಯಲ್ಲಿ ಕೋಟ್ಯಂತರ ಸೂಕ್ಷ್ಮ ಜೀವಿಗಳು ಹುಟ್ಟಿ ಮೊದಲು ಪೆಕ್ಟಿನ್ ಅಂಟನ್ನು ತಿನ್ನುತ್ತವೆ. ತೊಗಟೆಯ ಅಂಟು ಹೋಗಿ ನಾರಿನ ಕಟ್ಟುಗಳು ಬಿಡುವ ಹೊತ್ತಿಗೆ ಹೊರಗೆ ತೆಗೆದರೆ ಕೆಲಸವು ಸಾಧಿಸಿತು. ಅಲ್ಲಿಯೇ ಬಿಟ್ಟರೆ ಆ ಜೀವಿಗಳು ನಿಲ್ಲುವುದಿಲ್ಲ. ಕೋಶಕ್ಕೂ ಕೋಶಕ್ಕೂ ನಡುವಿನ ಗಾರೆಯನ್ನು, ಆಮೇಲೆ ಸೆಲ್ಯುಲೋಸನ್ನೂ ತಿನ್ನತೊಡಗುತ್ತವೆ. ಮೇಲೆ ಹೇಳಿದ ಎರಡು ಮಿಲಿಮೀಟರಿನ ಕೋಶಗಳು ಆಗ ಒಂದರಿಂದೊಂದು ಬೇರ್ಪಟ್ಟು, ಉದ್ದನೆಯ ಎಳೆಯು ಹೆಸರಿಗೆ ಮಾತ್ರ ಎಳೆಯಾಗಿ ಉಳಿಯುತ್ತದೆ. ಹೀಗೆ ಹೆಚ್ಚು ಕೊಳೆತ ನಾರು ನೋಡಲು ಬಹಳ ಬಿಳಿ, ಬಹಳ ಮೃದು. ಪೇಟೆಯಲ್ಲಿ ಬಿಳುಪನ್ನೂ ಮೃದುತ್ವವನ್ನೂ ನೋಡಿ ಬೆಲೆ ಕೊಡುವವನು ಮೋಸಹೋಗುವುದು ಇಲ್ಲಿಯೇ. ಕಡಿಮೆ ಕೊಳೆತ ನಾರಿಗೆ ತೊಗಟೆಯ ಚೂರುಗಳು ಅಂಟಿಕೊಂಡು ಕೈಗೆ ಒರಟಾಗಿರುತ್ತವೆ. ಅದು ದೋಷವೇ, ಆದರೂ ಮೊದಲಿನದರಷ್ಟು ಅಪಾಯಕರವಲ್ಲ.

ಕ್ರಮವು ಹೀಗಿದೆ. ಕೊಯ್ದ ಕಟ್ಟಿಗೆಯನ್ನು ಹೊಲದಲ್ಲಿಯೇ ಮೂರು ನಾಲ್ಕು ದಿವಸ ಬಿಟ್ಟರೆ ಎಲೆಗಳು ಉದುರುತ್ತವೆ. ತೋಳಿನಗಲದ ಸಿವುಡು ಕಟ್ಟಿ, ಮೊದಲ ಎರಡು ಮೂರು ದಿವಸ ಬುಡವನ್ನು ಮಾತ್ರ ಮೊಣಕಾಲುದ್ದ ನೀರಿನಲ್ಲಿ ನಿಲ್ಲಿಸಬೇಕು. ಬುಡದ ತೊಗಟೆ ದಪ್ಪವಾದ್ದರಿಂದ ಅದಕ್ಕೆ ಹೆಚ್ಚು ದಿವಸ ಬೇಕು. ಎಲ್ಲವನ್ನೂ ಒಮ್ಮೆಲೆ ಮಲಗಿಸಿದರೆ ಬುಡವು ಹದಕ್ಕೆ ಬರುವಷ್ಟರಲ್ಲಿ ತುದಿಯು ಕೊಳೆತುಹೋಗುತ್ತದೆ. ಆಮೇಲೆ ಸಿವುಡುಗಳನ್ನು ಮಲಗಿಸಿ, ನೀರಿನ ಮಟ್ಟಕ್ಕಿಂತ ನಾಲ್ಕು ಬೆರಳು ಕೆಳಗೆ ನಿಲ್ಲುವಂತೆ ಕಲ್ಲು ಹೇರಬೇಕು. ಎರೆಮಣ್ಣಿನ ಹೆಂಟೆಗಳನ್ನು ಹೇರುವುದು ಸುಲಭವೆಂದು ಹಲವರು ಹಾಗೆ ಮಾಡುವುದುಂಟು; ಅದರಿಂದ ನಾರು ಕಪ್ಪಾಗಿ ಕೆಡುತ್ತದೆ. ಬೆಚ್ಚಗಿನ ದಿವಸಗಳಲ್ಲಿ ಹದಿನೈದರಿಂದ ಇಪ್ಪತ್ತು ದಿವಸಗಳು ಬೇಕಾಗುವುವು. ಚಳಿ ಬಿದ್ದರೆ ಇನ್ನೂ ಹೆಚ್ಚು. ಆದರೆ ದಿವಸವನ್ನು ಎಣಿಸಿ ಕೂಡ್ರುವುದು ಸರಿಯಲ್ಲ. ಹತ್ತನೆಯ ದಿವಸದಿಂದ ನಿತ್ಯವೂ ಒಂದೆರಡು ಕಡ್ಡಿಗಳನ್ನು ತೆಗೆದು, ಬುಡದ ತೊಗಟೆಯನ್ನು ಹೆಬ್ಬೆರಳಿನಿಂದ ನೂಕಿ ನೋಡಬೇಕು. ತೊಗಟೆಯು ಕಟ್ಟಿಗೆಯಿಂದ ತಡೆಯಿಲ್ಲದೆ ಜಾರಿತೆಂದರೆ ಮರುದಿನವೇ ತೆಗೆಯತಕ್ಕದ್ದು. ಒಂದು ದಿವಸದ ಉದಾಸೀನವು ಆ ವರ್ಷದ ಹಗ್ಗಗಳೆಲ್ಲದರ ಬಲವನ್ನು ಕಳೆಯಬಲ್ಲದು. ಸುಲಿದ ನಾರನ್ನು ಹರಿಯುವ ಇಲ್ಲವೆ ಶುದ್ಧವಾದ ನೀರಿನಲ್ಲಿ ಚೆನ್ನಾಗಿ ಜಾಡಿಸಿ, ನೆಲದ ಮೇಲೆ ಹರವದೆ, ಗಳುವಿನ ಮೇಲೆ ತೂಗುಹಾಕಿ ಒಣಗಿಸಬೇಕು.

ನೀರಿನ ಅಭಾವವಿರುವ ಊರುಗಳಿಗೆ ಇನ್ನೊಂದು ಉಪಾಯವುಂಟು. ಹಸಿ ಕಟ್ಟಿಗೆಯಿಂದಲೇ ತೊಗಟೆಯನ್ನು ಪಟ್ಟಿಯಾಗಿ ಸುಲಿದು, ಪಟ್ಟಿಯನ್ನಷ್ಟೇ ಸುತ್ತಿ ನೆನೆಯಿಡುವುದು. ಕಟ್ಟಿಗೆಯನ್ನು ಮುಳುಗಿಸುವ ಗೋಜಿಲ್ಲದ್ದರಿಂದ ಅರ್ಧದಷ್ಟು ನೀರು ಸಾಕಾಗುತ್ತದೆ, ದಿವಸಗಳೂ ಕಡಿಮೆಯಾಗುತ್ತವೆ. ಸುಲಿಯುವ ಕೂಲಿ ಮಾತ್ರ ಹೆಚ್ಚು. ಬ್ಯಾರಕ್‌ಪುರದ ಸಂಸ್ಥೆಯವರು ಅಂಟನ್ನು ಬೇಗ ತಿನ್ನುವ ಸೂಕ್ಷ್ಮಜೀವಿಗಳ ಪುಡಿಯೊಂದನ್ನು ಸಿದ್ಧಪಡಿಸಿದ್ದಾರೆ. ಸಿವುಡುಗಳ ಮೇಲೆ ಅದನ್ನು ಉದುರಿಸಿದರೆ ಕೊಳೆಸುವ ಅವಧಿಯು ಸುಮಾರು ಒಂದು ವಾರ ಉಳಿಯುತ್ತದೆ.

ಸಣಬಿನ ವಿಷಯವು ಸಂಕ್ಷೇಪವಾಗಿ ಸಾಕು. ಅದರ ತೊಗಟೆ ಬೇಗ ಬಿಡುತ್ತದೆ. ಬೆಚ್ಚಗಿನ ನೀರಿನಲ್ಲಿ ನಾಲ್ಕರಿಂದ ಏಳು ದಿವಸಗಳೊಳಗೆ ಹದವಾಗುವುದರಿಂದ ಕಣ್ಣಿಟ್ಟು ಕಾಯಬೇಕು. ಗೊಬ್ಬರಕ್ಕಾದರೆ ಐವತ್ತು ದಿವಸದೊಳಗೆ ಮಣ್ಣಿಗೆ ಸೇರಿಸುವ ಬೆಳೆಯನ್ನು ನಾರಿಗೆ ಮೂರು ತಿಂಗಳ ಮೇಲೂ ಬೆಳೆಯಬಿಡಬೇಕು. ಆದರೂ ಬೇರಿನ ಗಂಟುಗಳಿಂದ ಭೂಮಿಗೆ ಸಾರಜನಕದ ಲಾಭವಿದ್ದೇ ಇದೆ. ಕತ್ತಾಳೆಗೆ ಕೊಳೆಸುವ ಹಂಗೇ ಇಲ್ಲ. ಅದರ ಎಲೆಯನ್ನು ಜಜ್ಜಿ ಕೆರೆದು ತೊಳೆದರೆ ನಾರು ಸಿಕ್ಕುತ್ತದೆ. ನೂರು ಕಿಲೊ ಎಲೆಗೆ ಮೂರು ನಾಲ್ಕು ಕಿಲೊ ಮಾತ್ರ ಬರುವುದು. ರಸವು ಮೈಗೆ ತಾಗಿದರೆ ಕಡಿತವಾಗುತ್ತದೆ. ಆದರೂ ಬೇರಾವ ಬೆಳೆಯೂ ಬಾರದ ಮಡ್ಡಿಯಲ್ಲಿ, ಬದುವಿನ ಮೇಲೆ ನೀರಿಲ್ಲದೆ ನಿಲ್ಲುವ ಈ ಗಿಡವನ್ನು ತಾತ್ಸಾರ ಮಾಡುವುದು ಯುಕ್ತವಲ್ಲ.

ಹತ್ತಿಯ ಬಲಾಬಲವನ್ನು ರೈತನಿಗಿಂತ ಗಿರಣಿಯವನೇ ಹೆಚ್ಚು ಬಲ್ಲನು. ಇದಕ್ಕಾಗಿಯೇ ೧೯೨೪ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಪ್ರಯೋಗಶಾಲೆಯು ಸ್ಥಾಪಿತವಾಯಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ೧೯೭೨ರಲ್ಲಿ ಹೊರತಂದ ವರಲಕ್ಷ್ಮಿ ಎಂಬ ಸಂಕರ ತಳಿಯು ಉದ್ದನೆಯ ಎಳೆಯಿಂದಲೇ ಹೆಸರಾಯಿತು. ಹತ್ತಿಯ ಎಳೆಯು ಹೂ ಬಿದ್ದ ಮೇಲೆ ಮೊದಲ ಮೂರು ವಾರಗಳಲ್ಲಿ ಉದ್ದವಾಗುತ್ತದೆ. ಅನಂತರದ ಮೂರು ನಾಲ್ಕು ವಾರಗಳಲ್ಲಿ ಗೋಡೆ ದಪ್ಪವಾಗುತ್ತದೆ. ಈ ಎರಡನೆಯ ಅವಧಿಯಲ್ಲಿ ತೇವವು ಹಾರಿಹೋದರೆ, ಇಲ್ಲವೆ ಬಾಯಿಬಿಡದ ಕಾಯನ್ನು ಅವಸರದಿಂದ ಬಿಡಿಸಿದರೆ ಎಳೆಯು ಉದ್ದವಿದ್ದರೂ ಪೊಳ್ಳಾಗಿ, ದಾರದಲ್ಲಿ ಗಂಟುಗಂಟಾಗುತ್ತದೆ.

ಇನ್ನು ಹೊಸೆದ ಹಗ್ಗದ ಮಾತು. ಹನ್ನೆರಡು ಮಿಲಿಮೀಟರು ದಪ್ಪದ ಒಳ್ಳೆಯ ಹೊಸ ಕತ್ತಾಳೆ ಹಗ್ಗವು ಸುಮಾರು ೯೦೦ ಕಿಲೊ ಭಾರಕ್ಕೆ ಹರಿಯುತ್ತದೆ. ಅಂದರೆ ಚದರ ಮಿಲಿಮೀಟರಿಗೆ ೮ ಕಿಲೊ. ಬಿಡಿ ನಾರಿನಲ್ಲಿದ್ದ ೫೨ ಎಲ್ಲಿ, ಈ ೮ ಎಲ್ಲಿ? ಹಗ್ಗದೊಳಗೆ ಸಂದುಗಳಿವೆ, ಎಳೆಗಳು ಓರೆಯಾಗಿವೆ, ಗಿಡ್ಡ ನಾರುಗಳು ಒಂದನ್ನೊಂದು ಒತ್ತಿ ಹಿಡಿದ ತಿಕ್ಕಾಟದಿಂದಷ್ಟೇ ನಿಂತಿವೆ, ಭಾರವು ಎಲ್ಲ ಎಳೆಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಹುರಿ ಕಡಿಮೆಯಾದರೆ ನಾರುಗಳು ಜಾರುತ್ತವೆ, ಹೆಚ್ಚಾದರೆ ಓರೆ ಹೆಚ್ಚಿ ತಾವೇ ಹರಿಯುತ್ತವೆ. ಇದರ ಮೇಲೆ ಗಂಟು ಹಾಕಿದಲ್ಲಿ ಉಳಿದ ಬಲದಲ್ಲಿಯೂ ಸುಮಾರು ಅರ್ಧವು ನಷ್ಟವಾಗುತ್ತದೆ. ಆದಕಾರಣ ಹರಿಯುವ ಭಾರದ ಐದನೆಯ ಒಂದು ಪಾಲಿ‌ಗಿಂತ ಹೆಚ್ಚನ್ನು ಯಾವ ಹಗ್ಗದ ಮೇಲೂ ಹೇರಬಾರದು. ಬಾವಿಯಲ್ಲಿ ಆಳು ಇರುವಾಗ ಮೇಲೆ ತೂಗುವ ಹಗ್ಗಕ್ಕೆ ಹತ್ತನೆಯ ಒಂದು ಪಾಲೇ ಮಿತಿ. ಮೇಲಿನ ೯೦೦ ಕಿಲೊದ ಹಗ್ಗದಿಂದ ಆ ಸಂದರ್ಭದಲ್ಲಿ ಎತ್ತಬಹುದಾದದ್ದು ೯೦ ಕಿಲೊ. ಹಗ್ಗವು ಹಳೆಯದಾಗಿದ್ದರೆ ಅದೂ ಇಲ್ಲ.

ಯಂತ್ರವಿಲ್ಲದೆಯೇ ನಾರನ್ನು ಊರಿನಲ್ಲಿ ಪರೀಕ್ಷಿಸಬಹುದು. ಎರಡು ಬಗೆಯ ನಾರಿನಿಂದ ಒಂದೇ ಉದ್ದದ, ಒಂದೇ ತೂಕದ ಎಳೆಗಳನ್ನು ತೆಗೆದುಕೊಳ್ಳಬೇಕು. ಅಕ್ಕಸಾಲಿಗನ ತಕ್ಕಡಿಯು ಇದಕ್ಕೆ ಸಾಕು. ತುದಿಗಳಿಗೆ ಗಂಟು ಹಾಕದೆ, ನುಣುಪಾದ ಗೂಟಕ್ಕೆ ನಾಲ್ಕೈದು ಸುತ್ತು ಸುತ್ತಿ ಬಿಗಿದು, ಕೆಳಗಿನ ಗೂಟಕ್ಕೆ ಬಕೆಟು ತೂಗಬೇಕು. ಬಕೆಟಿಗೆ ಲೀಟರಿನ ಲೆಕ್ಕದಲ್ಲಿ ಮೆಲ್ಲಗೆ ನೀರು ಹೊಯ್ಯುತ್ತ ಹೋದರೆ ಎಷ್ಟು ಲೀಟರಿಗೆ ಹರಿಯಿತೋ ಅಷ್ಟು ಕಿಲೊ. ಬಕೆಟಿನ ತೂಕವನ್ನು ಅದಕ್ಕೆ ಕೂಡಿಸಬೇಕು. ಒಂದು ಮೀಟರಿಗೆ ಒಂದು ಗ್ರಾಮು ತೂಗುವ ಎಳೆಯು ೨೦ ಕಿಲೊ ತಡೆದರೆ, ಆ ನಾರು ತನ್ನದೇ ಭಾರದಿಂದ ಹರಿಯಲು ೨೦ ಕಿಲೋಮೀಟರು ಉದ್ದ ಬೇಕೆಂದಾಯಿತು. ಸಾಧಾರಣ ಉಕ್ಕಿನ ತಂತಿಯು ೫ ಕಿಲೋಮೀಟರಿಗೇ ಹರಿಯುತ್ತದೆ. ಒಂದೇ ಸಲದ ಪರೀಕ್ಷೆಯನ್ನು ನಂಬದೆ ಐದಾರು ಎಳೆಗಳನ್ನು ಹರಿಸಿ, ಸರಾಸರಿಯ ಜೊತೆಗೆ ಎಲ್ಲಕ್ಕೂ ಕಡಿಮೆ ಬಂದ ಅಂಕಿಯನ್ನೂ ಬರೆದಿಡಬೇಕು. ಹಗ್ಗವು ಸರಾಸರಿಯಲ್ಲಿ ಹರಿಯುವುದಿಲ್ಲ, ತನ್ನ ದುರ್ಬಲ ಜಾಗದಲ್ಲಿ ಹರಿಯುತ್ತದೆ. ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಹಗ್ಗ ಕೊಳ್ಳುವವರು ಇಷ್ಟೆಲ್ಲ ಮಾಡಲಾರರು. ಹುರಿಯನ್ನು ತಿರುವಿ ಬಿಚ್ಚಿ ಒಳಗೆ ನೋಡಿದರೆ ಸಾಕು. ಒಳಗಡೆ ಪುಡಿ ಉದುರಿದರೆ, ಮುಗ್ಗಲು ವಾಸನೆ ಬಂದರೆ, ಒಂದು ಎಳೆಯನ್ನು ಬೆರಳಿಗೆ ಸುತ್ತಿ ಎಳೆದಾಗ ಸದ್ದಿಲ್ಲದೆ ಬಿಟ್ಟುಕೊಟ್ಟರೆ ಅದನ್ನು ಅಲ್ಲಿಯೇ ಬಿಡುವುದು.

ನೀರಿನ ಪರಿಣಾಮವು ಎಲ್ಲ ನಾರಿನ ಮೇಲೂ ಒಂದೇ ಬಗೆಯದಲ್ಲ. ಹತ್ತಿಯು ಒದ್ದೆಯಾದರೆ ಬಲವು ಹೆಚ್ಚುತ್ತದೆ. ಜೂಟು ಮೊದಲಾದವುಗಳ ಬಲವು ಸ್ವಲ್ಪ ತಗ್ಗುತ್ತದೆ. ಎಲ್ಲ ನಾರುಗಳೂ ನೀರು ಕುಡಿದು ದಪ್ಪವಾಗುವುದರಿಂದ ಹಗ್ಗದ ಸುರುಳಿಯು ಬಿಗಿದು ಉದ್ದ ಕಡಿಮೆಯಾಗುತ್ತದೆ. ಮಳೆಗಾಲದ ರಾತ್ರಿ ಗಿಡ್ಡವಾಗಿ ಕಟ್ಟಿದ ಕಣ್ಣಿಯು ದನದ ಕುತ್ತಿಗೆಯನ್ನು ಬಿಗಿಯುವುದು ಹೀಗೆ. ಮಳೆಯ ದಿನಗಳಲ್ಲಿ ಗೇಣುದ್ದ ಸಡಿಲು ಬಿಡಬೇಕು. ನೆಂದ ಹಗ್ಗವು ಒಣಗಿದರೆ ಬಲವು ಮರಳುತ್ತದೆ. ನೆಂದಂತೆಯೇ ಗಂಜಲದಲ್ಲಿ ಬಿದ್ದಿದ್ದರೆ ಕೊಳೆಸುವ ಗುಂಡಿಯಲ್ಲಿ ನಡೆದ ಕೆಲಸವೇ ಅಲ್ಲಿಯೂ ನಡೆಯುತ್ತದೆ. ಲಿಗ್ನಿನ್ ಹೆಚ್ಚಾಗಿರುವ ತೆಂಗಿನ ನಾರು ಇದನ್ನು ಬಹುಕಾಲ ತಡೆಯುತ್ತದೆ. ಕಾರಹುಣ್ಣಿಮೆಗೆ ಎತ್ತುಗಳಿಗೆ ಹೊಸ ಹಗ್ಗ, ಹೊಸ ಮೂಗುದಾರ ಹಾಕುವ ಹಿರಿಯರ ಪದ್ಧತಿಯು ಮಳೆಗಾಲದ ಮುಂಚೆಯೇ ಬರುವುದರಿಂದ ಬಹಳ ವಿವೇಕದ್ದು. ಅಂದಿನ ಸಂಜೆ ಅಗಸಿಯಲ್ಲಿ ಕಟ್ಟುವ ಕರಿಯು ಹರಿಯಲೆಂದೇ ಕಟ್ಟಿದ್ದು. ಬಾವಿಯ ಹಗ್ಗವು ಹಾಗಲ್ಲವಾದ್ದರಿಂದ ಅದನ್ನೂ ಅಂದೇ ಪರೀಕ್ಷಿಸಿ ಬದಲಿಸುವ ರೂಢಿ ಮಾಡಿಕೊಳ್ಳಬಹುದು.

ಈಗ ಊರೂರಿನಲ್ಲಿ ಪ್ಲಾಸ್ಟಿಕ್ ಹಗ್ಗವು ನಾರಿನ ಹಗ್ಗದ ಸ್ಥಾನವನ್ನು ಆಕ್ರಮಿಸಿದೆ. ಅದು ಅಗ್ಗ, ಹಗುರು, ಕೊಳೆಯುವುದಿಲ್ಲ, ಹೊಸದಿದ್ದಾಗ ಬಲವೂ ಹೆಚ್ಚು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಬಿಸಿಲಿನಲ್ಲಿ ಅದು ಹೊರಗಿನಿಂದ ಬಿರುಸಾಗಿ ಪುಡಿಯಾಗುತ್ತದೆ, ಗಂಟು ಜಾರುತ್ತದೆ, ದನದ ಕುತ್ತಿಗೆ ಮೂಗುಗಳನ್ನು ಕೊಯ್ಯುತ್ತದೆ, ಅದರ ತುಣುಕು ಮೇವಿನಲ್ಲಿ ಸೇರಿ ದನದ ಹೊಟ್ಟೆಗೆ ಹೋದರೆ ಕರಗುವುದಿಲ್ಲ. ಮೂಗುದಾರಕ್ಕೂ ಕಣ್ಣಿಗೂ ನಾರೇ ಉತ್ತಮ. ತಿಕೋಟಾ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿಯ ಕುಡಿಗಳನ್ನು ಜೂಟಿನ ಸುತಲಿಯಿಂದ ಕಟ್ಟುವುದನ್ನು ನೋಡಿದರೆ ದೌರ್ಬಲ್ಯವೂ ಒಂದು ಗುಣವೆಂಬುದು ತಿಳಿಯುತ್ತದೆ. ಸುತಲಿಯು ಬಿಸಿಲು ಮಳೆಗೆ ಕ್ರಮೇಣ ಸವೆದು, ಕುಡಿಯು ದಪ್ಪವಾಗುವ ಹೊತ್ತಿಗೆ ತಾನಾಗಿಯೇ ಸಡಿಲಾಗುತ್ತದೆ. ಅದೇ ಪ್ಲಾಸ್ಟಿಕ್ ದಾರವಾದರೆ ತೊಗಟೆಯೊಳಗೆ ಹುದುಗಿ ಕೊಂಬೆಯನ್ನು ಕತ್ತರಿಸುತ್ತದೆ.

ಕಡೆಯದಾಗಿ ಊರಿನ ಹಿರಿಯರು ನಿರ್ಧರಿಸಬೇಕಾದ ಒಂದು ವಿಷಯವಿದೆ. ನಾರು ಕೊಳೆಸುವ ನೀರಿನಲ್ಲಿಯ ಪ್ರಾಣವಾಯುವನ್ನು ಸೂಕ್ಷ್ಮಜೀವಿಗಳು ಹೀರಿಬಿಡುವುದರಿಂದ ಅದು ದುರ್ವಾಸನೆ ಹಿಡಿದು, ಮೀನುಗಳು ಸಾಯುತ್ತವೆ. ದನಗಳೂ ಆ ನೀರನ್ನು ಮುಟ್ಟವು. ಈಚೆಗೆ ಏತ ನೀರಾವರಿ ಯೋಜನೆಗಳಿಂದ ಈ ಸೀಮೆಯ ಕೆರೆಗಳಿಗೆ ನದಿಯ ನೀರು ಬರುತ್ತಿರುವುದು ಜನರ ಭಾಗ್ಯ. ಅಂಥ ಕೆರೆಯಲ್ಲಿಯಾಗಲಿ, ಕುಡಿಯುವ ಬಾವಿಯಲ್ಲಿಯಾಗಲಿ ಸಿವುಡುಗಳನ್ನು ಹಾಕಲು ಯಾರಿಗೂ ಅವಕಾಶ ಕೊಡಬಾರದು. ಊರ ಹೊರಗೆ, ಬಾವಿಗಳಿಂದ ದೂರವಾಗಿ, ತಗ್ಗಿನ ಭೂಮಿಯಲ್ಲಿ ಪಂಚಾಯತಿಯ ವತಿಯಿಂದ ಎದೆಯುದ್ದ ಆಳದ ಗುಂಡಿಯೊಂದನ್ನು ತೋಡಿಸಿದರೆ ನಾರು ಬೆಳೆಯುವವರೆಲ್ಲ ಸರದಿಯ ಮೇಲೆ ಅದನ್ನು ಬಳಸಬಹುದು. ಎರೆಭೂಮಿಯಲ್ಲಿ ಗುಂಡಿಯ ಮಗ್ಗುಲು ಕುಸಿಯುವುದರಿಂದ ಕಲ್ಲು ಕಟ್ಟಿಸುವುದು ಅಗತ್ಯ. ಮಣ್ಣು ತಗಲದೆ ನಾರಿನ ಬಣ್ಣವೂ ಉಳಿಯುತ್ತದೆ. ಕೆಲಸ ಮುಗಿದ ಮೇಲಿನ ನೀರನ್ನು ಹಳ್ಳಕ್ಕೆ ಬಿಡದೆ ಪಾಳು ಬಿದ್ದ ಹೊಲಕ್ಕೆ ಹಾಯಿಸಿದರೆ ಅದರ ಸತ್ವವು ಮಣ್ಣಿಗೆ ಸೇರುತ್ತದೆ. ಸುಲಿದುಳಿದ ಪುಂಡಿಯ ಕಟ್ಟಿಗೆಯು ಒಣಗಿದ ಬಳಿಕ ಒಲೆಗೂ, ತಟ್ಟಿ ಕಟ್ಟುವುದಕ್ಕೂ ಬರುವುದು.